ಕುಂಕುಮದ ಗೆರೆಯಾಚೆ ಐದು ಸುತ್ತು

ಗ್ರಾಮೊಫೋನಿನ ಚಾವಿ ಹಿಡಿಕೆಗೆ ರಕ್ತ ಹತ್ತಿತ್ತು. ರಿಪೇರಿ ಅಂಗಡಿಯ ಸಿದ್ಧರಾಮ ಅದನ್ನು ಬೆಳಕಿಗೆ ಹಿಡಿದು ನೋಡಿದ. ಎರಡು ಕೂದಲೂ ಅಂಟಿದ್ದವು. ಮೆತ್ತಗೆ ಟೇಬಲ್ಲಿನ ಮೇಲೆ ಇಟ್ಟು ಕೇಳಿದ:

"ಗೌಡ್ರ, ಯಂತ್ರಕ್ಕ ಪೆಟ್ಟಾಗೇತೋ, ಯಂತ್ರದ್ಲೆ ಪೆಟ್ಟಾಗೇತೋ?"

"ಎರಡೂ," ಎಂದ ಸಂಗಮೇಶ. "ನಮ್ಮ ಅನೀಲಕುಮಾರಗ ಇಪ್ಪತ್ತು ಸುತ್ತು ಚಾವಿ ಕೊಡು ಅಂದಿದ್ದೆ. ಮೂವತ್ತು ಕೊಟ್ಟ. ಒಳಗ ಧಡ್ ಅಂತು. ನಾನೂ ಅವನ ತಲಿ ಧಡ್ ಅನಿಸಿದೆ."

"ಈಗ ಎಲ್ಲಿ ಅದಾರ್ರಿ?"

"ದವಾಖಾನ್ಯಾಗ. ಆರು ಹೊಲಿಗಿ ಬಿದ್ದಾವ. ಕಾಕಾನ ಮಗ ಅದಾನ, ತಡಕೊಂತಾನ."

ಮನಗೂಳಿಯ ಈ ಸಂಗಮೇಶನಿಗೆ ಮಾತಿಗಿಂತ ಕೈ ಒಂದು ಗಳಿಗೆ ಮುಂದೆ. ಅವನ ಮನೆಯಲ್ಲಿ ಎಲ್ಲ ಗಂಡಸರೂ ಹಾಗೆಯೇ ಎಂದು ಊರವರು ಹೇಳುತ್ತಿದ್ದರು, ಅದೂ ಅವರು ಎದುರಿಗಿಲ್ಲದಾಗ. ಆ ಮನೆಗೆ ಹೊಲ ಇತ್ತು, ಹೆಸರು ಇತ್ತು; ಎಲ್ಲಕ್ಕಿಂತ ಹೆಚ್ಚಾಗಿ ಒಂದು ಹಾಡಿನ ಪ್ಲೇಟು ಇತ್ತು. ಅವನ ಮುತ್ತಜ್ಜ ಖಂಡೆಪ್ಪಗೌಡ ನೂರು ವರ್ಷದ ಹಿಂದೆ ತಾನೇ ಹಾಡಿದ್ದೆಂದು ಮನೆತನ ನಂಬಿದ ಪ್ಲೇಟು. ವರ್ಷಕ್ಕೊಮ್ಮೆ, ಅವನ ಪುಣ್ಯತಿಥಿಯ ದಿನ, ಇಡೀ ಊರನ್ನು ಅಂಗಳಕ್ಕೆ ಕರೆದು ಅದನ್ನು ಕೇಳಿಸುವ ರೂಢಿ. ಆ ದಿನಕ್ಕೆ ಇನ್ನು ಎರಡೇ ದಿನ ಉಳಿದಿದ್ದವು.

"ನಾಡಿದ್ದು ಮುಂಜಾನೆ ನೀನ ತಗೊಂಡು ಬಾ. ನೀನ ಬಾರಿಸು," ಎಂದ ಸಂಗಮೇಶ. ಆಮೇಲೆ ಪ್ಲೇಟನ್ನು ಬಟ್ಟೆಯಿಂದ ಬಿಡಿಸಿ ತೋರಿಸಿದ. ಅದರ ನಡುವಿನ ಲೇಬಲ್ಲಿನ ಮೇಲೆ ಪೇಟ ಸುತ್ತಿದ ಖಂಡೆಪ್ಪಗೌಡನ ಪಟ ಅಂಟಿಸಿದ್ದರು. ಪಟಕ್ಕಿಂತ ಸ್ವಲ್ಪ ಹೊರಗೆ, ಎಣ್ಣೆಯಲ್ಲಿ ಕಲಸಿ ಎಳೆದ ಕುಂಕುಮದ ದುಂಡು ಗೆರೆ.

"ಮುಳ್ಳು ಈ ಗೆರಿಗೆ ಬಂತಂದ್ರ ಎತ್ತಿಬಿಡಬೇಕು. ದಾಟಬಾರದು."

"ದಾಟಿದ್ರ ಏನಾಗ್ತೈತ್ರಿ?"

"ಮನಿತನಕ್ಕ ಕೇಡು. ಸಣ್ಣಂವ ಇದ್ದಾಗ ನಾ ಒಮ್ಮೆ ದಾಟಿಸಾಕ ಹೋಗಿದ್ದೆ. ನಮ್ಮಪ್ಪ ಇದ ಹಿಡಿಕಿಲೆ ಮೊಣಕೈ ಮುರದ." ಸಂಗಮೇಶ ತೋಳು ಮಡಚಿ ತೋರಿಸಿದ. ಮೂಳೆ ಸೊಟ್ಟಗೇ ಕೂಡಿಕೊಂಡಿತ್ತು. ಅದನ್ನು ಅವನು ಪದಕ ತೋರಿಸುವಂತೆ ತೋರಿಸಿದ.

ಅವನ ಜೀಪು ಓಣಿ ದಾಟುವವರೆಗೂ ಒಳಕೋಣೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದ ಶಂಕ್ರೆವ್ವ ಕೂತಲ್ಲಿಂದ ಎದ್ದಿರಲಿಲ್ಲ. ಆಮೇಲೆ ಹೊರಗೆ ಬಂದು ಟೇಬಲ್ಲಿನ ಮೇಲಿನ ಹಿಡಿಕೆಯನ್ನು ಎಂಬತ್ತು ವರ್ಷದ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ," ಎಂದಳು. ತುಟಿಯೆತ್ತಿ, ಮುಂದಿನ ಎರಡು ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟಳು.

ಸಿದ್ಧರಾಮನಿಗೆ ಆ ಕತೆ ಗೊತ್ತಿತ್ತು. ಶಂಕ್ರೆವ್ವ ಅವನ ತಾಯಿಯ ಅಕ್ಕ. ಅವಳ ಅವ್ವನ ಅವ್ವ ಸಾಲೋಟಗಿಯ ಯಮನವ್ವ ಎಂಬ ಹಾಡುಗಾರ್ತಿ. ಹೆಸರಿನಲ್ಲಿ ಯಮನ್ ರಾಗ, ಹಾಡುತ್ತಿದ್ದುದು ಭೈರವಿ ಎಂದು ಸಿದ್ಧರಾಮ ನಗೆಯಾಡುವುದಿತ್ತು. ಯಮನವ್ವ ಒಮ್ಮೆ ರೈಲು ಹತ್ತಿ ಹೋಗಿ, ಪ್ಲೇಟಿಗಾಗಿ ತಗಡಿನ ಕೊಂಬಿನೊಳಗೆ ಹಾಡಿ ಬಂದಳಂತೆ. ಆ ಪ್ಲೇಟನ್ನು ಯಾರೂ ಕಂಡಿರಲಿಲ್ಲ. ಹದಿನಾಲ್ಕು ವರ್ಷದ ಶಂಕ್ರೆವ್ವ ಜೋಳದ ಸುಗ್ಗಿಗೆಂದು ಮನಗೂಳಿಗೆ ಹೋದಾಗ ಗೌಡರ ಕಿಟಕಿಯಿಂದ ಒಂದು ಹಾಡು ಕೇಳಿ ಬಂತು. ಅವಳ ಅವ್ವ ಬೀಸುವ ಕಲ್ಲಿನ ಮುಂದೆ ದಿನವೂ ಹಾಡುತ್ತಿದ್ದ ಹಾಡು, ಅದೇ ಮುರುಕಿ, ಅದೇ ತಿರುವು. "ಇದು ನಮ್ಮ ಆಯಿ ಹಾಡು," ಎಂದು ಕಿಟಕಿಯಲ್ಲಿ ನಿಂತು ಕೂಗಿಬಿಟ್ಟಳು. ಎಪ್ಪತ್ತು ದಾಟಿದ ಖಂಡೆಪ್ಪಗೌಡ ಹೊರಗೆ ಬಂದ, ಚಾವಿ ಹಿಡಿಕೆ ಬಿಚ್ಚಿಕೊಂಡೇ ಬಂದ, ಬಾಯಿಗೆ ಒಂದೇ ಏಟು ಕೊಟ್ಟ. ಅವಳು ಹಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಲೋಟಗಿಗೆ ಬಂದಳು. ಊರಿನಲ್ಲಿ ಸುಳ್ಳಿ ಎಂದರು. ಗೌಡರ ಪ್ಲೇಟಿನಲ್ಲಿ ಗಂಡಸು ಹಾಡುತ್ತಾನೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

"ಗಂಡಸಿನ ದನಿನ ಇತ್ತೋ ಸಿದ್ದು," ಎಂದಳು ಶಂಕ್ರೆವ್ವ ಈಗಲೂ. "ಅದಕ್ಕ ನನಗೂ ನನ್ನ ಮ್ಯಾಲೆ ನಂಬಿಕಿ ಹೋತು. ಹಾಡು ಆಕೀದು, ದನಿ ಅವಂದು. ಅರವತ್ತೈದು ವರ್ಷ ಇದ ನುಂಗಾಕತ್ತೇನಿ."

ಸಿದ್ಧರಾಮನ ಅಂಗಡಿ ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. 'ತಲೆ ತಿರುಗುವುದೊಂದು ಬಿಟ್ಟು, ತಿರುಗುವುದೆಲ್ಲವನ್ನೂ ರಿಪೇರಿ ಮಾಡಲಾಗುವುದು' ಎಂದು ಬೋರ್ಡು. ಮುದ್ದೇಬಿಹಾಳದಲ್ಲಿ ಬಿ.ಎ. ಓದುವಾಗ ಅವನು ಕಲಿತದ್ದು ಎರಡು: ಮಿಮಿಕ್ರಿ, ಮತ್ತು ಗುಜರಿ ಅಬ್ದುಲರಜಾಕನ ಅಂಗಡಿಯಲ್ಲಿ ಹಳೆಯ ಪ್ಲೇಟು ಹುಡುಕುವುದು. ಮಿಮಿಕ್ರಿಯಿಂದ ಪೆಟ್ಟು ಸಿಕ್ಕಿತ್ತು. ಇಂಡಿ ಊರಿನ ಲಿಂಬೆ ವ್ಯಾಪಾರಿಯೊಬ್ಬನಿಗೆ ಅವನ ಹೆಂಡತಿಯ ದನಿಯಲ್ಲಿ ಫೋನು ಮಾಡಿ, ಸಂತೆಯ ನಡುವಿನಿಂದ ಮನೆಗೆ ಓಡಿಸಿದ್ದಕ್ಕೆ ಆ ವ್ಯಾಪಾರಿ ಸಿಂದಗಿಗೇ ಬಂದು ಚಪ್ಪಲಿ ಹರಿಯುವವರೆಗೆ ಹೊಡೆದಿದ್ದ. ಅಂದಿನಿಂದ ನಾಲ್ಕು ತಾಲ್ಲೂಕಿನಲ್ಲಿ ಸಿದ್ಧರಾಮ ಖರೇ ಹೇಳಿದರೂ ಜನ, "ಯಾರ ದನಿ ತಗದಿ?" ಎಂದು ಕೇಳುತ್ತಿದ್ದರು.

ಆದರೆ ಗೋಡೆಯ ಕಪಾಟಿನ ನಲವತ್ತೆರಡು ಪ್ಲೇಟುಗಳ ವಿಷಯದಲ್ಲಿ ಅವನು ನಗೆಯಾಡುತ್ತಿರಲಿಲ್ಲ. ಎಲ್ಲವೂ ಹೆಂಗಸರವು, ಎಲ್ಲವೂ ಮೈಕು ಹುಟ್ಟುವ ಮುಂಚಿನವು. ಒಂದು ತಗಡಿನ ಕೊಂಬು, ಆ ಕಡೆ ಮೇಣ, ಈ ಕಡೆ ಬಾಯಿ. ಕರೆಂಟಿನ ಸಹಾಯವಿಲ್ಲದೆ ಬರೀ ಉಸಿರಿನಿಂದ ಮೇಣವನ್ನು ಗೀರಬೇಕು. ಕೆಳಗಿನ ಸ್ವರಕ್ಕೆ ಕೊಂಬಿನೊಳಗೆ ಮುಖವಿಡಬೇಕು, ಮೇಲಿನ ಸ್ವರಕ್ಕೆ ಹಿಂದೆ ಸರಿಯಬೇಕು. ರಾತ್ರಿಯಿಡೀ ಹಾಡುವ ರಾಗವನ್ನು ಮೂರು ನಿಮಿಷದೊಳಗೆ ಹಿಂಡಿ ಕೊಡಬೇಕು. ಮೇಣದ ಅಚ್ಚು ಹಡಗು ಹತ್ತಿ ದೂರದೇಶಕ್ಕೆ ಹೋಗುತ್ತಿತ್ತು. ಅಲ್ಲಿ ಲೇಬಲ್ ಅಂಟಿಸುವವರಿಗೆ ಇದು ಯಾರದೆಂದು ತಿಳಿಯಬೇಕಲ್ಲ, ಅದಕ್ಕೆ ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಕೂಗಬೇಕು. ಸಿದ್ಧರಾಮನಿಗೆ ಹಾಡಿಗಿಂತ ಆ ಕೂಗು ಇಷ್ಟ. ಒಬ್ಬಳು ಏದುಸಿರು ಬಿಡುತ್ತ ಹೇಳುತ್ತಾಳೆ, ಒಬ್ಬಳು ಜಗಳಕ್ಕೆ ಕರೆದಂತೆ, ಇನ್ನೊಬ್ಬಳಿಗೆ ನಗು ತಡೆಯುವುದಿಲ್ಲ. ಮನೆಯಲ್ಲಿ ಹೆಸರು ಹಿಡಿದು ಕರೆಯಿಸಿಕೊಳ್ಳದ ಕಾಲದಲ್ಲಿ ಅವರು ಜಗತ್ತಿಗೆ ತಮ್ಮ ಹೆಸರು ಕೂಗಿ ಹೋಗಿದ್ದರು. ಅವರ ದನಿಗಳನ್ನೆಲ್ಲ ಅವನು ತೆಗೆಯಬಲ್ಲವನಾಗಿದ್ದ. ತೆಗೆದು ಯಾರನ್ನೂ ನಗಿಸಿರಲಿಲ್ಲ.

ಅದೇ ಮಧ್ಯಾಹ್ನ ಅವನು ಯಂತ್ರ ಬಿಚ್ಚಿದ. ಡಬ್ಬಿಯ ಮುಚ್ಚಳ ಸಡಿಲಾದದ್ದೇ ತಡ, ಒಳಗಿನ ತುಂಡಾದ ಸ್ಪ್ರಿಂಗು ಹೆಡೆ ಬಿಚ್ಚಿದ ನಾಗರದಂತೆ ಚಿಮ್ಮಿ, ಅವನ ಎಡಗೈಯನ್ನು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಸೀಳಿ, ಗೋಡೆಯ ಕ್ಯಾಲೆಂಡರಿಗೆ ಬಡಿದು ಬಿತ್ತು. ಶಂಕ್ರೆವ್ವ ಅರಿಷಿಣ ಒತ್ತಿ, ಹಳೆಯ ಸೀರೆ ಹರಿದು ಕಟ್ಟಿದಳು. "ಈ ಪೆಟ್ಟಿಗಿ ರಕ್ತ ಕುಡದ ಹಾಡತೈತಿ," ಎಂದಳು.

ಬೇರೆ ಸ್ಪ್ರಿಂಗು ಹಾಕಿ, ವೇಗ ಹೆಚ್ಚು ಕಡಿಮೆ ಮಾಡುವ ತಿರುಪಿಗೆ ಎಣ್ಣೆ ಬಿಡಲು ಹೋದಾಗ ಸಿದ್ಧರಾಮನ ಕೈ ನಿಂತಿತು. ತಿರುಪು ತುಕ್ಕು ಹಿಡಿದಿರಲಿಲ್ಲ. ಯಾರೋ ಅದನ್ನು ಬೇಕೆಂದೇ ಬೆಸುಗೆ ಹಾಕಿ ಜಡಿದಿದ್ದರು. ಎಲ್ಲಕ್ಕಿಂತ ನಿಧಾನದ ಗುರುತಿಗೆ, ಮುಂದೆಂದೂ ಜರುಗದಂತೆ.

ಅವನು ಪ್ಲೇಟು ಇಟ್ಟು ಹಾಗೆಯೇ ಕೇಳಿದ. ಗಂಭೀರ ಗಂಡು ದನಿ, ಕಣದಲ್ಲಿ ರಾಶಿ ಸುತ್ತುವ ಎತ್ತಿನಂತೆ ತಾಳ. ಊರು ವರ್ಷವರ್ಷ ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಗಾಂಭೀರ್ಯ ಇದೇ. ಆಮೇಲೆ ಕಾದ ಕಬ್ಬಿಣದಿಂದ ಬೆಸುಗೆ ಕರಗಿಸಿ, ತಿರುಪನ್ನು ಅದು ಇರಬೇಕಾದ ಜಾಗಕ್ಕೆ ಸರಿಸಿ, ಹೊಸ ಮುಳ್ಳು ಹಾಕಿ ಮತ್ತೆ ಇಟ್ಟ.

ಹೆಣ್ಣು. ಕೊರಳಲ್ಲಿ ಸಣ್ಣ ಒರಟುತನವಿದ್ದ, ಮೇಲಿನ ಷಡ್ಜಕ್ಕೆ ಹೋಗುವಾಗ ಚಾಕುವಿನಂತೆ ಹೊಳೆಯುವ ಹೆಣ್ಣು. ಶಂಕ್ರೆವ್ವನ ಮಡಿಲಿನ ಬಳ್ಳೊಳ್ಳಿ ನೆಲಕ್ಕೆ ಚೆಲ್ಲಿತು. ಮುಳ್ಳು ಕುಂಕುಮದ ಗೆರೆಗೆ ಬಂತು. ಸಿದ್ಧರಾಮ ಎತ್ತಲಿಲ್ಲ. ಅರೆಗಳಿಗೆ ಬರೀ ಕರಕರ. ಆಮೇಲೆ ಅದೇ ಕೊರಳು, ದಣಿದು, ಆದರೆ ಎದೆಯೆತ್ತಿ ಹೇಳಿತು: "ನಾ ಸಾಲೋಟಗಿ ಯಮನವ್ವ. ಪೇಟಿ ಮನಗೂಳಿ ಖಂಡೆಪ್ಪಂದು."

ಗೆರೆಯಾಚೆ ಐದೇ ಸುತ್ತು. ಅವಳು ಹಾರ್ಮೋನಿಯಂ ಪೇಟಿ ಬಾರಿಸಿದವನ ಹೆಸರನ್ನೂ ಮರೆಯದೆ ಹೇಳಿ ಹೋಗಿದ್ದಳು.

ಶಂಕ್ರೆವ್ವ ಕರಗಿದ ಬೆಸುಗೆಯ ಹನಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: "ಈ ಬೆಸಗಿ ಆಕಿ ಸತ್ತ ಮ್ಯಾಲೆ ಹಾಕ್ಯಾನ. ಬದಕಿದ್ದಾಗ ಹಾಕಿದ್ರ ಕಾದ ತವರ ಅವನ ಬಾಯಾಗ ಹೊಯ್ತಿದ್ಲು."

ಸಿದ್ಧರಾಮ ಜೇಬಿನಿಂದ ಮೊಬೈಲು ತೆಗೆದ. ಅವಳು ಅವನ ಕೈ ಹಿಡಿದಳು.

"ಮೊಬೈಲಿನ್ಯಾಗ ತುಂಬಿ ಏನು ಮಾಡ್ತಿ? ಸಿದ್ದು ಹೆಣ್ಣಿನ ದನಿ ತಗದಾನ ಅಂತಾರ. ನಿನ್ನ ಬಾಯಿ ಗೊತ್ತಿಲ್ಲೇನು ಮಂದಿಗೆ?"

ಅವನು ಮೊಬೈಲನ್ನು ತಿರುಗಿ ಜೇಬಿಗೆ ಹಾಕಿದ. ಇಷ್ಟು ವರ್ಷ ಕೂಡಿಟ್ಟ ಚೇಷ್ಟೆಯೆಲ್ಲ ಒಮ್ಮೆಲೇ ಎದುರಿಗೆ ಬಂದು ನಿಂತಂತಾಯಿತು.

"ಅವರ ಪೆಟ್ಟಿಗಿ, ಅವರ ಪ್ಲೇಟು, ಅವರ ಅಂಗಳ," ಎಂದಳು ಶಂಕ್ರೆವ್ವ. "ನನ್ನ ಹಲ್ಲು ಬಿದ್ದಲ್ಲೇ ಆಕಿ ಹೆಸರು ಕೇಳಬೇಕು. ಒಮ್ಮೆ ಸಾಕು."

"ಆಮ್ಯಾಲೆ ಅಂವ ನನ್ನ ಕೊಲ್ತಾನ, ದೊಡ್ಡವ್ವ."

"ಕೊಲ್ಲೂದು ಆಮ್ಯಾಲೆ ಅಲ್ಲೇನು. ಮೊದಲು ಹೆಸರು."

ಪುಣ್ಯತಿಥಿಯ ಮುಂಜಾನೆ ಮನಗೂಳಿಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಐದಾರು ನೂರು ಜನ ಸೇರಿದ್ದರು. ತಲೆಗೆ ಬಿಳಿ ಪಟ್ಟಿ ಸುತ್ತಿದ ಅನೀಲಕುಮಾರ ಎಲ್ಲರಿಗೂ ಚಹಾ ಕೊಡುತ್ತಿದ್ದ. "ಬಾಗಲಾ ಬಡೀತು," ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಮೈಕಿನವನು ಬಸವನ ಬಾಗೇವಾಡಿಯ ದಿಲಾವರ. ಅವನು ಕೊಂಬಿನ ಬಾಯಿಗೆ ಮೈಕು ಕಟ್ಟಿ, ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು ನಿಲ್ಲಿಸಿದ್ದ. ಶಂಕ್ರೆವ್ವ ಹೆಂಗಸರ ಮುಂದಿನ ಸಾಲಿನಲ್ಲಿ, ಬಾಯಿಗೆ ಸೆರಗು ಹಿಡಿದು ಕೂತಿದ್ದಳು.

ಸಂಗಮೇಶ ವೇದಿಕೆಯ ಮೇಲೆ ಸಿದ್ಧರಾಮನ ಪಕ್ಕದಲ್ಲೇ ನಿಂತ. "ಗೆರಿ ನೆನಪೈತಲ್ಲ?"

"ಕಣ್ಣಾಗ ಇಟಕೊಂಡೇನ್ರಿ."

ಸಿದ್ಧರಾಮ ತಿರುಪನ್ನು ಹಳೆಯ ನಿಧಾನದ ಗುರುತಿಗೇ ಇಟ್ಟು ಮುಳ್ಳು ಇಳಿಸಿದ. ನಾಲ್ಕು ಮೂಲೆಯಿಂದ ಆ ಗಂಡು ದನಿ ಎದ್ದಿತು. ಸಂಗಮೇಶ ಕಣ್ಣು ಮುಚ್ಚಿದ. ಹಿರಿಯರು ತಲೆದೂಗಿದರು. ಒಬ್ಬ ಮುದುಕ ಕೈ ಮುಗಿದ. ಅಲ್ಲಲ್ಲಿ ಮೊಬೈಲುಗಳು ಮೇಲೆದ್ದವು. ಸಿದ್ಧರಾಮ ಒಂದು ನಿಮಿಷ ಎಣಿಸಿದ. ತೋರುಬೆರಳಿನಿಂದ ತಿರುಪನ್ನು ಮುಟ್ಟಿದ. ಮೆಲ್ಲಗೆ ಸರಿಸಿದ.

ದನಿ ನೆಲದಿಂದ ಎದ್ದಿತು. ದಪ್ಪ ಗಂಟಲು ತೆಳ್ಳಗಾಗುತ್ತ, ಎಳೆಯದಾಗುತ್ತ, ತಾಳ ಜಿಗಿಯುತ್ತ, ಐದಾರು ನೂರು ಜನರ ಕಣ್ಣೆದುರಿಗೇ ಪೇಟ ಸುತ್ತಿದ ಗೌಡ ಹೆಣ್ಣಾಗಿಹೋದ. ಅಂಗಳದಲ್ಲಿ ಚಹಾದ ಕಪ್ಪುಗಳು ನಿಂತಲ್ಲೇ ನಿಂತವು. ಹಾಡಿನಲ್ಲಿ ಒಂದೂ ತಪ್ಪಿರಲಿಲ್ಲ. ಮೊದಲು ಎಳೆದೆಳೆದು ಬರುತ್ತಿದ್ದ ಮುರುಕಿಗಳು ಈಗ ಸರಿಯಾಗಿ ಮುರಿದು ಬೀಳುತ್ತಿದ್ದವು. ದಿಲಾವರ ಮೈಕಿನ ಮಶೀನಿನ ಮೇಲಿಂದ ಕೈ ತೆಗೆದು, "ಯಾ ಅಲ್ಲಾ, ಇದು ಹೆಣ್ಣಿನ ದನಿ ಐತಿ," ಎಂದ.

ಸಂಗಮೇಶ ಕಣ್ಣು ಬಿಟ್ಟ. "ಏನು ಮಾಡಿದಿ?"

"ರಿಪೇರಿ," ಎಂದ ಸಿದ್ಧರಾಮ.

ಮೊದಲ ಏಟು ಕಿವಿಗೆ ಬಿತ್ತು. ಸಿದ್ಧರಾಮನಿಗೆ ಒಂದು ಕಿವಿಯಲ್ಲಿ ಹಾಡು, ಇನ್ನೊಂದರಲ್ಲಿ ಸೀಟಿ. ಆದರೂ ಅವನಿಗೆ ಒಂದೇ ಚಿಂತೆ: ಟೇಬಲ್ಲು ಅಲುಗಬಾರದು. ಅಲುಗಿದರೆ ಮುಳ್ಳು ಹಾರುತ್ತದೆ, ಹಾರಿದರೆ ಹೆಸರು ಹೋಗುತ್ತದೆ. ಅವನು ಯಂತ್ರಕ್ಕೆ ಬೆನ್ನು ಮಾಡಿ, ಟೇಬಲ್ಲಿಗೆ ಒಂದು ಗೇಣು ಬಿಟ್ಟು ನಿಂತ. ಒರಗಲಿಲ್ಲ. ಸಂಗಮೇಶ ಹೊಟ್ಟೆಗೆ ಗುದ್ದಿದ. ಅವನು ಮುಂದಕ್ಕೆ ಬಾಗಿದ, ಹಿಂದೆ ಬಾಗಲಿಲ್ಲ. ಸಂಗಮೇಶ ಅವನ ಭುಜದ ಮೇಲಿಂದ ಕೈ ಚಾಚಿ ಪ್ಲೇಟಿಗೆ ಹೋದಾಗ ಆ ಕೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಸಂಗಮೇಶ ಕೂಗುತ್ತ ಕೈ ಕಿತ್ತುಕೊಂಡ. ಅಂಗೈ ಬದಿಯ ಮಾಂಸ ತೂಗಾಡುತ್ತಿತ್ತು.

"ಹಿಡೀರಿ ಇವನ್ನ," ಎಂದು ಯಾರೋ ಕೂಗಿದರು. ಇಬ್ಬರು ಮೇಲೆ ಬಂದರು. ತಲೆಗೆ ಪಟ್ಟಿ ಸುತ್ತಿದ ಅನೀಲಕುಮಾರ ಮೆಟ್ಟಿಲಲ್ಲಿ ಅಡ್ಡ ನಿಂತು, ಚಹಾದ ಕೆಟಲನ್ನು ಅವರ ಕಾಲ ಮೇಲೆ ಬೋರಲು ಹಾಕಿದ. "ಕೈ ಜಾರ್ತು," ಎಂದ. ಸುಟ್ಟ ಕಾಲಿನವರು ಕೂಗುತ್ತ ಕೆಳಗೆ ಬಿದ್ದರು.

ಸಂಗಮೇಶ ಯಂತ್ರದ ಬದಿಯಿಂದ ಚಾವಿ ಹಿಡಿಕೆ ತಿರುವಿ ಕಿತ್ತುಕೊಂಡ. ಮುಳ್ಳು ಗೆರೆಯ ಹತ್ತಿರ ಬಂದಿತ್ತು. ಸಿದ್ಧರಾಮ ನೋಡಲಿಲ್ಲ, ಕೇಳಿ ತಿಳಿದ. ಕೊನೆಯ ಷಡ್ಜ. ಹಿಡಿಕೆ ಭುಜದ ಮೂಳೆಗೆ ಬಿತ್ತು, ಕಟ್ ಎಂದಿತು. ಎರಡನೆಯದು ಬಾಯಿಗೆ. ಬಾಯಿ ತುಂಬ ಉಪ್ಪು ರಕ್ತ, ನಾಲಗೆಯ ಮೇಲೆ ಎರಡು ಕಲ್ಲು. ಕಾಲು ಕುಸಿಯಿತು. ಹಿಂದೆ ಬಿದ್ದರೆ ಯಂತ್ರದ ಮೇಲೆ ಎಂದು ನೆನಪಿತ್ತು. ಮುಂದೆ ಬಿದ್ದು ಸಂಗಮೇಶನ ಸೊಂಟವನ್ನು ಅಪ್ಪಿ ಹಿಡಿದ. ಬೆನ್ನ ಮೇಲೆ ಹಿಡಿಕೆ ಬೀಳುತ್ತಲೇ ಇತ್ತು. ಸ್ಪೀಕರುಗಳಲ್ಲಿ ಕರಕರ.

"ನಾ ಸಾಲೋಟಗಿ ಯಮನವ್ವ. ಪೇಟಿ ಮನಗೂಳಿ ಖಂಡೆಪ್ಪಂದು."

ನಾಲ್ಕು ಮೂಲೆಯಿಂದ, ಊರಿನ ಕೊನೆಯ ಓಣಿಗೂ ಕೇಳುವಂತೆ. ಎತ್ತಿದ ಹಿಡಿಕೆ ಎತ್ತಿದಲ್ಲೇ ನಿಂತಿತು.

"ಪೇಟಿ?" ಎಂದ ಸಂಗಮೇಶ. ಯಾರನ್ನು ಕೇಳಿದನೋ ತಿಳಿಯದು. "ನಮ್ಮ ಮುತ್ಯಾ ಬರೇ ಪೇಟಿ ಬಾರಿಸಿದ್ನೇನು?"

ಅವನು ಸೊಟ್ಟ ಮೊಣಕೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಸಿದ್ಧರಾಮನನ್ನು ಒದ್ದು ಬಿಡಿಸಿಕೊಂಡು, ಹಿಡಿಕೆ ಬಿಸಾಡಿ, ತಿರುಗುತ್ತಿದ್ದ ಪ್ಲೇಟನ್ನು ಕಿತ್ತು ಮೊಣಕಾಲಿಗೆ ಬಡಿದ. ಹಪ್ಪಳದಂತೆ ಮುರಿಯಿತು. ಕೈಯಲ್ಲಿ ಉಳಿದ ತುಂಡನ್ನು ಇನ್ನೂ ಪುಡಿ ಮಾಡಬೇಕೆಂದು ಹಿಸುಕಿದ. ಅದರ ಅಂಚು ಅವನ ಅಂಗೈಯನ್ನೇ ಕೊಯ್ದು, ಮುತ್ತಜ್ಜನ ಪಟದ ಮೇಲೆ ರಕ್ತ ಸುರಿಯಿತು.

ಶಂಕ್ರೆವ್ವ ವೇದಿಕೆ ಹತ್ತಿದಳು. ಯಾರೂ ತಡೆಯಲಿಲ್ಲ, ಎಂಬತ್ತರ ಮುದುಕಿ ಎಷ್ಟು ಮಾಡಿಯಾಳು ಎಂದುಕೊಂಡಿರಬೇಕು. ಬಿದ್ದಿದ್ದ ಹಿಡಿಕೆಯನ್ನು ಎತ್ತಿಕೊಂಡಳು. ಅದರ ತಣ್ಣನೆಯ ತುದಿಯನ್ನು ಸಂಗಮೇಶನ ತುಟಿಗೆ ಹಚ್ಚಿ, ತುಟಿ ಎತ್ತಿ ನೋಡಿದಳು.

"ಛಲೋ ಹಲ್ಲು ಅದಾವಪಾ. ನಿಮ್ಮ ಮುತ್ಯಾಂದೂ ಹಿಂಗ ಇದ್ವು. ನಾ ಹತ್ತರಿಂದ ನೋಡೇನಿ."

ಸಂಗಮೇಶ ಅಲುಗಲಿಲ್ಲ. ಅವಳು ಹಿಡಿಕೆ ಎತ್ತಿ, ಹಲ್ಲಿಗಲ್ಲ, ಪ್ಲೇಟಿನ ತುಂಡು ಹಿಸುಕಿದ್ದ ಅವನ ಬೆರಳ ಗಂಟುಗಳ ಮೇಲೆ ಜೋಳದ ತೆನೆ ಬಡಿಯುವ ಹಾಗೆ ಬೀಸಿದಳು. ಸಪ್ಪಳ ದಿಲಾವರನ ಮೈಕಿನಲ್ಲಿ ಹಾದು ನಾಲ್ಕು ಮೂಲೆಗೂ ಹೋಯಿತು. ಬೆರಳು ಬಿಚ್ಚಿದವು. ತುಂಡು ಕೆಳಗೆ ಬಿತ್ತು.

"ಇದು ನಮ್ದು," ಎಂದು ಅದನ್ನು ಉಡಿಯಲ್ಲಿ ಹಾಕಿಕೊಂಡಳು. ಆಮೇಲೆ ಮಂಡಿಯೂರಿ ಉಳಿದ ಚೂರುಗಳನ್ನೂ ಒಂದೊಂದಾಗಿ ಆರಿಸಿದಳು. ಸಿದ್ಧರಾಮನ ಎರಡು ಹಲ್ಲನ್ನೂ ಆರಿಸಿಕೊಂಡಳು.

ಬಾಗೇವಾಡಿಯ ದವಾಖಾನೆಯಲ್ಲಿ ಸಿದ್ಧರಾಮನ ಭುಜಕ್ಕೆ ಪಟ್ಟಿ ಹಾಕಿದರು, ತುಟಿಗೆ ಹೊಲಿಗೆ ಹಾಕಿದರು. ಪಕ್ಕದ ಕೋಣೆಯಲ್ಲಿ ಸಂಗಮೇಶನ ಬೆರಳಿಗೆ ಪ್ಲಾಸ್ಟರು ಹಾಕುತ್ತಿದ್ದರು. ಅನೀಲಕುಮಾರ ಅಲ್ಲಿ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದ. ಕೊನೆಯ ಕೂಗು ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದ. ಸಂಗಮೇಶ ಆರಿಸು ಅನ್ನಲಿಲ್ಲ. ಆ ಹೊತ್ತಿಗೆ ಹಾಡು ಇಂಡಿಗೂ ಮುದ್ದೇಬಿಹಾಳಕ್ಕೂ ಮುಟ್ಟಿತ್ತು. ಅಬ್ದುಲರಜಾಕ ಫೋನು ಮಾಡಿ ಕೇಳಿದ: "ಭಾಯಿ, ಇದು ನಿನ್ನ ದನಿ ಅಲ್ಲ ಅಲಾ?"

ಶಂಕ್ರೆವ್ವನೇ ಫೋನು ಎತ್ತಿದ್ದಳು. "ಅಲ್ಲಪಾ. ಅವನ ಬಾಯಿ ಈಗ ಹೊಲದಾರ."

ಪೊಲೀಸ್ ಜಮಾದಾರ ಹೇಳಿಕೆ ಬರೆಸಿಕೊಳ್ಳಲು ಬಂದ. ಸಂಜೆಯ ಬಿಸಿಲು ಅವನ ರಿಜಿಸ್ಟರಿನ ಮೇಲೆ ಬಿದ್ದಿತ್ತು.

"ಹೊಡದಾಟ ಯಾರ ಸಲುವಾಗಿ ಆತಬೇ?"

"ಯಮನವ್ವನ ಸಲುವಾಗಿ."

"ಪೂರ್ತಿ ಹೆಸರು ಹೇಳು."

"ಸಾಲೋಟಗಿ ಯಮನವ್ವ. ಹಾಡಾಕಿ. ಹಾಡಾಕಿ ಅಂತನೂ ಬರಿ."

ಅವನು ಬರೆದ. ಬರೆಯುವಾಗ ಬಾಯಿಯೊಳಗೇ ಒಂದೊಂದೇ ಅಕ್ಷರ ಓದಿಕೊಂಡ. "ಈಕಿ ಎಲ್ಲಿ ಇರತಾಳ? ಠಾಣೇಕ ಕರಕೊಂಡು ಬರ್ರಿ."

ಶಂಕ್ರೆವ್ವ ಉಡಿ ಬಿಚ್ಚಿ ಕರಿಯ ಚೂರುಗಳನ್ನು ಹಾಸಿಗೆಯ ಮೇಲೆ ಸುರಿದಳು. ಜಮಾದಾರ ಹಿಂದೆ ಸರಿದ. ಸಿದ್ಧರಾಮ ಸರಿಯಿದ್ದ ಕೈಯಿಂದ ಚೂರುಗಳನ್ನು ತಡಕಿ, ಕುಂಕುಮದ ಗೆರೆಯಿದ್ದ ಒಂದನ್ನು ಹುಡುಕಿ ತೆಗೆದ. ಗೆರೆಯ ಒಳಬದಿಗೆ ಬೆರಳಷ್ಟು ಉದ್ದದ ಗೀರು ಉಳಿದಿತ್ತು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಲ್ಲು ಹೋದ ಸಂದಿಯಿಂದ ಗಾಳಿ ಬಿಡುತ್ತ ಹೇಳಿದ:

"ಇದರಾಗ ಐತಿ, ದೊಡ್ಡವ್ವ. ಪೂರ್ತಿ ಇಲ್ಲ. ಯಮ ಅನ್ನೂವಷ್ಟು ಇರಬಹುದು."

"ಅಷ್ಟು ಸಾಕು ಬಿಡು ಅವರಿಗೆ," ಎಂದಳು ಶಂಕ್ರೆವ್ವ. ಆ ಚೂರನ್ನು ಸೆರಗಿನ ತುದಿಗೆ ಬೇರೆಯೇ ಗಂಟು ಹಾಕಿದಳು.